ನಿಸಿಬಿಸ್ ಗೋಪಿನಾಥ್

ಗೋಪಿನಾಥ್ ಸರ್ ತಮ್ಮ ಹೆಂಡತಿಯ ಅಸ್ಥಿಯನ್ನು ನಮ್ಮ ಕಾರ್ಖಾನೆಯ ಸ್ಯಾಂಪಲ್ ರೂಮಿನಲ್ಲಿ ಇಟ್ಟಿದ್ದಾರೆ ಎಂದು ನನಗೆ ಗೊತ್ತಾದದ್ದು ಒಂದು ಸೋಮವಾರ ಬೆಳಿಗ್ಗೆ, ಕಾರ್ಖಾನೆ ಮಾರಾಟವಾಗಿದೆ ಎಂಬ ಸುದ್ದಿ ಬಂದ ಇಪ್ಪತ್ತು ನಿಮಿಷದ ಮೇಲೆ.

ಸುದ್ದಿ ಓದಿದವರು ಜನರಲ್ ಮ್ಯಾನೇಜರ್ ಪುರುಷೋತ್ತಮ. ಕ್ಯಾಂಟೀನಿನಲ್ಲಿ ಎಲ್ಲರನ್ನೂ ನಿಲ್ಲಿಸಿಕೊಂಡು, ತಲೆಯೆತ್ತದೆ, ಮೊಬೈಲ್ ನೋಡುತ್ತ ಓದಿದರು. ಮಾಲೀಕರು ಸಹಿ ಹಾಕಿಯಾಗಿದೆ. ಬುಧವಾರ ಸಂಜೆ ಐದಕ್ಕೆ ಹೊಸ ಕಂಪನಿ ಬೀಗದ ಕೈ ತೆಗೆದುಕೊಳ್ಳುತ್ತದೆ. ಅಲ್ಲಿಯವರೆಗೆ ಒಂದು ಸೂಜಿಯೂ ಗೇಟು ದಾಟುವ ಹಾಗಿಲ್ಲ. ಕಾಂಪೌಂಡಿನ ಒಳಗೆ ಪಟ್ಟಿಯಲ್ಲಿರುವುದೆಲ್ಲ ಮಾರಾಟಕ್ಕೆ ಸೇರಿದ್ದು. ಮೂವತ್ತು ವರ್ಷ ಈ ಗೋಡೆಯೊಳಗೆ ಔಷಧಿ ಮಾಡಿಸಿದ ಮಾಲೀಕರು ಬಂದು ಒಂದು ಮಾತು ಹೇಳಲಿಲ್ಲ. ಅವರು ನೈರೋಬಿಯಲ್ಲೇ ಇದ್ದರು, ಹತ್ತು ನಿಮಿಷದ ದಾರಿಯ ಒಂದು ಹೋಟೆಲಿನಲ್ಲಿ. ನನಗೆ ಮೈಯೆಲ್ಲ ಉರಿಯಿತು.

ನಾನು ನೇರವಾಗಿ ಗೋಪಿನಾಥ್ ಸರ್ ಕೋಣೆಗೆ ಹೋದೆ. ಅವರು ನಮ್ಮ ಗುಣಮಟ್ಟ ವಿಭಾಗದ ಮುಖ್ಯಸ್ಥರು. ನಾನು ಅವರ ಕೈಕೆಳಗೆ ಲ್ಯಾಬಿನಲ್ಲಿ ಹದಿನಾಲ್ಕು ವರ್ಷದಿಂದ ಇದ್ದವಳು. ಅವರು ಪೆನ್ನಿನ ಮುಚ್ಚಳ ಹಾಕುತ್ತ ಕೂತಿದ್ದರು.

"ಮೂರು ದಿನ," ಎಂದರು. "ನಿಸಿಬಿಸ್‌ಗೂ ಮೂರೇ ದಿನ ಕೊಟ್ಟಿದ್ದು."

"ಸರ್, ಕೆಲ್ಸ ಹೋಗ್ತಿದೆ. ಈಗ್ಲೂ ನಿಸಿಬಿಸ್ಸಾ?"

"ಅಲ್ಲ ವಿಜಿ," ಎಂದರು. ದನಿ ಏರಲಿಲ್ಲ, ಇಳಿಯಲಿಲ್ಲ. "ಹಂಸಾ ಒಳಗಿದ್ದಾಳೆ."

ಹಂಸಾ ಅವರು ತೀರಿಕೊಂಡು ಆಗಲೇ ಎಂಟು ತಿಂಗಳಾಗಿತ್ತು. ಈ ಮನುಷ್ಯನಿಗೆ ಬುದ್ಧಿ ಕೆಟ್ಟಿತು ಎಂದೇ ನಾನು ಅಂದುಕೊಂಡೆ. ಆಮೇಲೆ ಅವರು ಡ್ರಾಯರಿನಿಂದ ಸ್ಯಾಂಪಲ್ ರೂಮಿನ ಬೀಗದ ಕೈ ತೆಗೆದು ಮೇಜಿನ ಮೇಲೆ ಇಟ್ಟು, ಎಲ್ಲವನ್ನೂ ಕ್ರಮವಾಗಿ ಹೇಳಿದರು.

ಆ ಕೋಣೆಯ ವಿಷಯ ಸ್ವಲ್ಪ ಹೇಳಬೇಕು. ನಾವು ತಯಾರಿಸಿದ ಪ್ರತಿ ಬ್ಯಾಚ್ ಔಷಧಿಯಿಂದ ಒಂದಷ್ಟು ಮಾತ್ರೆ, ಒಂದೆರಡು ಬಾಟಲಿ ತೆಗೆದು ಅಲ್ಲಿ ಇಡುತ್ತೇವೆ. ಎಕ್ಸ್‌ಪೈರಿ ಆದ ಮೇಲೂ ಇನ್ನೊಂದು ವರ್ಷ ಇರುತ್ತದೆ. ನಾಳೆ ಯಾರಾದರೂ ದೂರು ತಂದರೆ ತೆಗೆದು ನೋಡುವುದಕ್ಕೆ. ಹಗಲೂ ರಾತ್ರಿ ಇಪ್ಪತ್ತೈದು ಡಿಗ್ರಿ. ಒಂದೇ ಬಾಗಿಲು, ಕಿಟಕಿಯಿಲ್ಲ. ಒಳಗೆ ಬಂದ ಪ್ರತಿಯೊಂದಕ್ಕೂ ಲೇಬಲ್, ರಿಜಿಸ್ಟರಿನಲ್ಲಿ ಒಂದು ಸಾಲು: ಹೆಸರು, ಬ್ಯಾಚ್, ಪ್ರಮಾಣ, ಎಲ್ಲಿಯವರೆಗೆ ಇಡಬೇಕು ಎಂಬ ದಿನಾಂಕ. ಇಡೀ ಕಾರ್ಖಾನೆಯಲ್ಲಿ ಕಳ್ಳತನವಾಗದ, ಧೂಳು ಕೂರದ, ಯಾರೂ ಸುಮ್ಮನೆ ಕಾಲಿಡದ ಜಾಗ ಅದೊಂದೇ.

ಗೋಪಿನಾಥ್ ಸರ್ ನಂಜನಗೂಡಿನವರು. ನೈರೋಬಿಗೆ ಬಂದು ಇಪ್ಪತ್ತೆರಡು ವರ್ಷ. ಲಂಗಾಟಾದಲ್ಲಿ, ನ್ಯಾಷನಲ್ ಪಾರ್ಕಿನ ಬೇಲಿಗೆ ಹತ್ತಿರ, ಒಂದು ಸಣ್ಣ ಕಾಂಪೌಂಡಿನ ಮನೆ. ಬೆಳಿಗ್ಗೆ ಆರೂಕಾಲಿಗೆ ಮನೆ ಬಿಟ್ಟರೆ ಏಳಕ್ಕೆ ಐದು ನಿಮಿಷ ಇರುವಾಗ ಮೊಂಬಾಸಾ ರಸ್ತೆಯ ನಮ್ಮ ಗೇಟಿನಲ್ಲಿ. ಅವರ ವಿಭಾಗದಲ್ಲಿ ರಬ್ಬರು, ವೈಟ್ನರ್ ಎರಡೂ ನಿಷಿದ್ಧ. ತಪ್ಪು ಬರೆದರೆ ಅದನ್ನು ಅಳಿಸಬಾರದು, ಅದರ ಮೇಲೆ ತಿದ್ದಲೂಬಾರದು. ಒಂದೇ ಒಂದು ಗೆರೆ ಎಳೆಯಬೇಕು, ಹಳೆಯದು ಓದುವಂತಿರಬೇಕು. ಪಕ್ಕದಲ್ಲಿ ಸರಿಯಾದದ್ದನ್ನು ಬರೆದು, ಸಹಿ ಮಾಡಿ, ದಿನಾಂಕ ಹಾಕಬೇಕು. ಔಷಧಿ ಕಾರ್ಖಾನೆಗಳಲ್ಲೆಲ್ಲ ಇದೇ ನಿಯಮ. ಇವರು ಮಾತ್ರ ಮನೆಯ ದಿನಸಿ ಚೀಟಿಯಲ್ಲೂ ಹಾಗೇ ಮಾಡುತ್ತಿದ್ದರು. 'ಬೆಲ್ಲ' ಹೊಡೆದುಹಾಕಿ 'ಸಕ್ಕರೆ' ಬರೆದು ಪಕ್ಕದಲ್ಲಿ ಸಹಿ ಮಾಡಿದ್ದ ಚೀಟಿಯನ್ನು ಹಂಸಾ ಅವರು ಕನ್ನಡ ಸಂಘದಲ್ಲಿ ಎಲ್ಲರಿಗೂ ತೋರಿಸಿ ನಗಿಸಿದ್ದರು.

ಸಂಘದಲ್ಲಿ ಅವರ ಹೆಸರು ನಿಸಿಬಿಸ್ ಗೋಪಿನಾಥ್. ನಮ್ಮಲ್ಲಿ ಇಬ್ಬರು ಗೋಪಿನಾಥ್ ಇದ್ದರು. ಇನ್ನೊಬ್ಬರು ಬ್ಯಾಂಕ್ ಗೋಪಿನಾಥ್.

ಆ ಹೆಸರು ಅಂಟಿಕೊಂಡದ್ದು ಬಾಯ್ಲರ್ ನೋಡಿಕೊಳ್ಳುತ್ತಿದ್ದ ಕುರಿಯಾಕೋಸ್‌ನಿಂದ. ಆತ ಕೇರಳದ ಕೊಟ್ಟಾಯಂ ಕಡೆಯವನು. ಕೆಲಸ ಮಾಡುವಾಗ ಏನೋ ಗುನುಗುತ್ತಿದ್ದ, ಅದು ಮಲಯಾಳ ಅಲ್ಲ. ಇದು ಯಾವ ಭಾಷೆ ಎಂದು ಸರ್ ಕೇಳಿದರು. ಸುರಿಯಾನಿ, ನಮ್ಮ ಇಗರ್ಜಿಯಲ್ಲಿ ಹಾಡುವುದು, ಅರ್ಥ ನನಗೂ ಪೂರ್ತಿ ಗೊತ್ತಿಲ್ಲ ಎಂದು ಕುರಿಯಾಕೋಸ್ ನಕ್ಕ. ತನಗೇ ಅರ್ಥ ಗೊತ್ತಿಲ್ಲದ್ದನ್ನು ಒಬ್ಬ ಮನುಷ್ಯ ದಿನಾ ಬಳಸುತ್ತಾನೆ ಎಂದರೆ ಗೋಪಿನಾಥ್ ಸರ್‌ಗೆ ನಿದ್ದೆ ಬರುತ್ತದೆಯೇ? ಹುಡುಕುತ್ತ ಹೋದರು. ಪುಸ್ತಕ ತರಿಸಿದರು. ಹುಡುಕಾಟ ಹೋಗಿ ನಿಂತದ್ದು ನಿಸಿಬಿಸ್ ಎಂಬ ಊರಿನ ಬಾಗಿಲಲ್ಲಿ. ಅಲ್ಲಿಂದ ಅವರು ಮುಂದೆ ಹೋಗಲೇ ಇಲ್ಲ.

ಮಧ್ಯಾಹ್ನದ ಊಟಕ್ಕೆ ನಮಗೆ ಅರ್ಧ ಗಂಟೆ. ಆ ಅರ್ಧ ಗಂಟೆಯಲ್ಲಿ, ಹಂಸಾ ಅವರು ಕಳಿಸಿದ ಪಲ್ಯವನ್ನು ನನ್ನ ಡಬ್ಬಿಗೆ ಹಾಕುತ್ತ, ವಾರಕ್ಕೆ ಒಂದು ಕಂತಿನಂತೆ ಅವರು ಆ ಊರಿನ ಕಥೆ ಹೇಳಿದರು. ಒಂದು ಕಡೆ ರೋಮ್, ಇನ್ನೊಂದು ಕಡೆ ಪರ್ಷಿಯಾ, ನಡುವೆ ಗಡಿಯ ಮೇಲೆ ನಿಸಿಬಿಸ್. ಊರಿನವರ ಮಾತು ಸುರಿಯಾನಿ. ಅದು ಆ ಕಡೆಯ ರಾಜನ ಮಾತೂ ಅಲ್ಲ, ಈ ಕಡೆಯವನದೂ ಅಲ್ಲ. ಪರ್ಷಿಯಾದ ಶಾಪೂರ್ ಮೂರು ಸಲ ಮುತ್ತಿಗೆ ಹಾಕಿದ, ಮೂರು ಸಲವೂ ಊರು ಬಗ್ಗಲಿಲ್ಲ. ಮೂರನೆಯ ಸಲ ಹೊಳೆಗೆ ಕಟ್ಟೆ ಕಟ್ಟಿ ನೀರನ್ನೇ ಗೋಡೆಗೆ ನುಗ್ಗಿಸಿದ. ಗೋಡೆ ಒಡೆಯಿತು. ಬೆಳಗಾಗುವುದರೊಳಗೆ ಊರಿನ ಜನ ಅದರ ಹಿಂದೆ ಇನ್ನೊಂದು ಗೋಡೆ ಎಬ್ಬಿಸಿ ನಿಂತಿದ್ದರು.

"ಒಂದೇ ರಾತ್ರೀಲಿ ಕರೆಕ್ಟಿವ್ ಆಕ್ಷನ್!" ಎಂದು ಸರ್ ಚಪಾತಿ ಎತ್ತಿ ಹಿಡಿಯುತ್ತಿದ್ದರು. "ನಮ್ಮೋರು ಒಂದು ನಲ್ಲಿ ಸರಿ ಮಾಡೋಕೆ ಆರು ವಾರ ತಗೋತಾರೆ."

ಆ ಊರಿನಲ್ಲಿ ಯಾಕೋಬ್ ಎಂಬ ಬಿಷಪ್ ಇದ್ದ. ಮೊದಲನೆಯ ಮುತ್ತಿಗೆಯ ಹೊತ್ತಿಗೆ ತೀರಿಕೊಂಡ. ಸತ್ತವರನ್ನು ಊರ ಹೊರಗೆ ಹೂಳುವುದು ಆ ಕಾಲದ ರೂಢಿ. ಇವನನ್ನು ಮಾತ್ರ ಗೋಡೆಯ ಒಳಗೇ ಇಟ್ಟುಕೊಂಡರು. ಅವನು ಒಳಗಿರುವ ತನಕ ಊರಿಗೆ ಏನೂ ಆಗುವುದಿಲ್ಲ ಎಂದು ಜನ ನಂಬಿದರಂತೆ.

ಆದರೆ ಊರು ಹೋಯಿತು, ಯುದ್ಧವಿಲ್ಲದೆಯೇ. ಕ್ರಿ.ಶ. ೩೬೩ರಲ್ಲಿ ರೋಮಿನ ಚಕ್ರವರ್ತಿ ಜೂಲಿಯನ್ ಪರ್ಷಿಯಾಕ್ಕೆ ದಂಡೆತ್ತಿ ಹೋಗಿ ಅಲ್ಲೇ ಸತ್ತ. ಅವನ ಜಾಗದಲ್ಲಿ ಸೈನಿಕರು ಜೋವಿಯನ್ ಎಂಬವನನ್ನು ಕೂರಿಸಿದರು. ಹಸಿದ ಸೈನ್ಯ ಮನೆಗೆ ಮರಳಿದರೆ ಸಾಕು ಎಂದು ಅವನು ಒಪ್ಪಂದಕ್ಕೆ ಒಪ್ಪಿದ; ಅದರಲ್ಲಿ ನಿಸಿಬಿಸ್ ಕೂಡ ಹೋಯಿತು. ವಾಪಸಾಗುವಾಗ ಆ ಊರಿನ ಮುಂದೆಯೇ ಬೀಡು ಬಿಟ್ಟ, ಒಳಗೆ ಕಾಲಿಡಲಿಲ್ಲ. ಕೋಟೆಯ ಮೇಲೆ ಪರ್ಷಿಯಾದ ಬಾವುಟ ಏರಿತು. ನಿಮ್ಮ ಸಹಾಯ ಬೇಡ, ನಾವೇ ಕಾದಾಡಿ ಊರು ಉಳಿಸಿಕೊಳ್ಳುತ್ತೇವೆ, ಬಿಡಿ ಎಂದು ಜನ ಕಾಲಿಗೆ ಬಿದ್ದರು. ಆಣೆ ಮಾಡಿದ್ದೇನೆ, ತಪ್ಪುವ ಹಾಗಿಲ್ಲ ಎಂದ. ಖಾಲಿ ಮಾಡುವುದಕ್ಕೆ ಮೂರು ದಿನ ಕೊಟ್ಟ. ಜನ ಕೈಗೆ ಸಿಕ್ಕಿದ್ದನ್ನು ಹೊತ್ತುಕೊಂಡು ಹೊರಟರು. ಯಾಕೋಬನ ಮೂಳೆಗಳನ್ನೂ ಹೊತ್ತುಕೊಂಡು ಹೋದರು ಎಂದು ಒಂದು ಐತಿಹ್ಯ. ಇಲ್ಲ, ಅವನ ಕಲ್ಲಿನ ಪೆಟ್ಟಿಗೆ ಅಲ್ಲೇ ಇದೆ ಎಂದು ಆ ಊರಿನಲ್ಲಿ ಇವತ್ತಿಗೂ ತೋರಿಸುತ್ತಾರಂತೆ. ಊರಿನ ಈಗಿನ ಹೆಸರು ನುಸೈಬಿನ್, ಟರ್ಕಿಯ ಕೊನೆಯಲ್ಲಿದೆ. ಬೇಲಿ ದಾಟಿದರೆ ಸಿರಿಯಾ.

ಒಮ್ಮೆ ಕರೆನ್‌ನಲ್ಲಿ ಸಂಘದ ಪಿಕ್‌ನಿಕ್ ನಡೆದಾಗ ಸರ್ ಇದನ್ನು ಎಲ್ಲರೆದುರು ಹೇಳಿದರು. ಹಂಸಾ ಅವರು ಮೊಸರನ್ನ ಬಡಿಸುತ್ತಿದ್ದರು. ಶನಿವಾರ ಶನಿವಾರ ಮಕ್ಕಳಿಗೆ ಕನ್ನಡ ಅಕ್ಷರ ಕಲಿಸುತ್ತಿದ್ದವರು ಅವರೇ; ಮೇಷ್ಟ್ರ ಬಾಯಿ.

"ರೀ, ಆ ಮೂಳೆ ಹೊತ್ಕೊಂಡು ಹೋದೋರ ಹೆಸರೇನು?"

"ಅದು ಎಲ್ಲೂ ಸಿಗಲ್ಲ."

"ಊರು ಬಿಟ್ಕೊಟ್ಟೋನ ಹೆಸರಿದೆ, ಮುತ್ತಿಗೆ ಹಾಕಿದೋನ ಹೆಸರಿದೆ. ಹೊತ್ತೋರ ಹೆಸರಿಲ್ಲ. ಎಂಥ ರೆಕಾರ್ಡು ರೀ ಇದು? ನಿಮ್ಮ ಫ್ಯಾಕ್ಟ್ರೀಲಿ ಇದನ್ನ ಪಾಸ್ ಮಾಡ್ತೀರಾ?"

ಎಲ್ಲರೂ ನಕ್ಕರು. ಸರ್ ಮಾತ್ರ ಜೇಬಿನಿಂದ ನೋಟ್ ಪುಸ್ತಕ ತೆಗೆದು ಅದನ್ನು ಬರೆದುಕೊಂಡರು.

ಹಂಸಾ ಅವರು ತೀರಿಕೊಂಡದ್ದು ಒಂದು ಗುರುವಾರ. ಬೆಳಿಗ್ಗೆ ತಲೆನೋವು ಎಂದರಂತೆ, ಮಧ್ಯಾಹ್ನ ಇಲ್ಲ. ಐವತ್ತೊಂದು ವರ್ಷ. ದಹನ ಇಲ್ಲೇ ಆಯಿತು. ಐದನೆಯ ದಿನ, ಇನ್ನೂ ಸೂತಕ ಕಳೆಯುವ ಮೊದಲೇ, ಸರ್ ಕೆಲಸಕ್ಕೆ ಬಂದರು. ಏಳಕ್ಕೆ ಐದು ನಿಮಿಷ ಇತ್ತು. ಕೂತು ಬ್ಯಾಚ್ ರೆಕಾರ್ಡುಗಳಿಗೆ ಸಹಿ ಹಾಕಿದರು. ಒಂದು ತಪ್ಪಿಲ್ಲ. ಮಾತಾಡಿಸಿದರೆ 'ಆಯ್ತು', 'ಪರವಾಗಿಲ್ಲ'. ಊಟದ ಡಬ್ಬಿ ತರುತ್ತಿರಲಿಲ್ಲ, ಕ್ಯಾಂಟೀನಿನ ಉಗಾಲಿ ಎಂಬ ಮೆಕ್ಕೆಜೋಳದ ಮುದ್ದೆಯ ತಟ್ಟೆ ತಂದು ಅರ್ಧ ತಿಂದು ಎದ್ದುಬಿಡುತ್ತಿದ್ದರು. ನಿಸಿಬಿಸ್ ಸುದ್ದಿ ನಿಂತುಹೋಯಿತು. 'ತೀರಿಕೊಂಡಳು' ಎಂಬ ಮಾತು ಅವರ ಬಾಯಿಂದ ಬಂದದ್ದನ್ನು ನಾನು ಕೇಳಿಲ್ಲ. ಮಿಕ್ಸಿ ರಿಪೇರಿಯವನು ಫೋನ್ ಮಾಡಿ ಮೇಡಂ ಎಲ್ಲಿ ಎಂದು ಕೇಳಿದರೆ "ಊರಲ್ಲಿಲ್ಲ" ಎಂದು ಇಟ್ಟುಬಿಟ್ಟರು. ನನಗೆ ಅವರ ಮೇಲೆ ಸಿಟ್ಟು ಬರುತ್ತಿತ್ತು. ಅಳಬಾರದೇ, ಬೈಯಬಾರದೇ, ಒಂದು ಫೈಲನ್ನಾದರೂ ನೆಲಕ್ಕೆ ಎಸೆಯಬಾರದೇ ಅನ್ನಿಸುತ್ತಿತ್ತು. ಅಂಥವರ ಜೊತೆ ಕೆಲಸ ಮಾಡಿ ಮಾಡಿ ನಾನೂ ಹಾಗೇ ಆಗಿಬಿಟ್ಟಿದ್ದೆ. ಸಂಜೆ ಮನೆಗೆ ಹೋದರೆ ಬೆಳಿಗ್ಗೆಯಿಂದ ಏನು ಮಾಡಿದೆ ಎಂದು ನೆನಪಾಗುತ್ತಿರಲಿಲ್ಲ.

ಅಸ್ಥಿಯನ್ನು ಶ್ರೀರಂಗಪಟ್ಟಣದ ಪಶ್ಚಿಮವಾಹಿನಿಯಲ್ಲಿ ಬಿಡಬೇಕು ಎಂದು ಮೊದಲ ದಿನವೇ ಮಾತಾಗಿತ್ತು. ಮೊದಲು ಆಡಿಟ್ ಅಡ್ಡ ಬಂತು. ಆಮೇಲೆ ಮಗಳು ಅನಘಾಳ ಪರೀಕ್ಷೆ; ಅವಳು ಲ್ಯಾವಿಂಗ್ಟನ್‌ನ ಶಾಲೆಯಲ್ಲಿ ಕೊನೆಯ ವರ್ಷ ಓದುತ್ತಿದ್ದಳು. ಪರೀಕ್ಷೆ ಮುಗಿಯಿತು. ಆಮೇಲೆ ಏನೂ ಅಡ್ಡ ಬರಲಿಲ್ಲ, ಆದರೂ ಅವರು ಟಿಕೆಟ್ ತೆಗೆಸಲಿಲ್ಲ. ಸ್ಮಶಾನದ ಕಪಾಟಿನಲ್ಲಿ ಇಡಬಹುದಾದ ಅವಧಿ ಮುಗಿದು ಅವರಿಗೆ ಫೋನ್ ಬಂತು. ಅಸ್ಥಿಯನ್ನು ಮನೆಯೊಳಗೆ ತರಬಾರದು. ಊರಾಗಿದ್ದರೆ ತೋಟದ ಮರಕ್ಕೆ ಕಟ್ಟುತ್ತಿದ್ದರು. ಲಂಗಾಟಾದ ಮರಗಳಲ್ಲಿ ಮಂಗಗಳಿವೆ.

ಹೀಗೆ ಅದು ಸ್ಯಾಂಪಲ್ ರೂಮಿಗೆ ಬಂತು. ಬಿಳಿ ಬಟ್ಟೆ ಕಟ್ಟಿದ ತಾಮ್ರದ ತಂಬಿಗೆ, ಅದರ ಮೇಲೊಂದು ರಟ್ಟಿನ ಪೆಟ್ಟಿಗೆ, ಪೆಟ್ಟಿಗೆಯ ಮೇಲೆ ನಮ್ಮದೇ ಲೇಬಲ್. ಅನಘಾಗೆ ಹೇಳಿರಲಿಲ್ಲ. ಅಮ್ಮ ಇನ್ನೂ ಸ್ಮಶಾನದ ಕಪಾಟಿನಲ್ಲೇ ಇದ್ದಾಳೆ ಎಂದು ಅವಳು ತಿಳಿದಿದ್ದಳು.

"ಸರಿ, ತಗೊಂಡ್ ಹೋಗೋಣ ಸರ್," ಎಂದೆ. "ಈಗ್ಲೇ. ಯಾರಿಗೆ ಗೊತ್ತಾಗುತ್ತೆ?"

"ರಿಜಿಸ್ಟರ್‌ನಲ್ಲಿದೆ."

"ಏನು?"

"ಎಂಟ್ರಿ ಮಾಡಿದೀನಿ. ಬರೀದೆ ಇರೋ ವಸ್ತು ಆ ರೂಮಲ್ಲಿ ಇರೋ ಹಾಗಿಲ್ಲ ವಿಜಿ. ನಾನೇ ಮಾಡಿರೋ ರೂಲು."

ಹೋದ ಶುಕ್ರವಾರ ಪುರುಷೋತ್ತಮ ಆ ರಿಜಿಸ್ಟರಿನ ಪಟ್ಟಿಗೆ ಪುಟಪುಟಕ್ಕೂ ಸರ್ ಕೈಲಿ ಸಹಿ ಹಾಕಿಸಿಕೊಂಡಿದ್ದರು. ವರ್ಷದ ಎಣಿಕೆಗೆ ಎಂದು ಸರ್ ತಿಳಿದಿದ್ದರು. ಆ ಪಟ್ಟಿಯೇ ಈಗ ಮಾರಾಟ ಪತ್ರದ ಜೊತೆ ಹೋಗಿತ್ತು. ಐಟಂ ನಂಬರ್ ೩೧೧೮. ಹೆಸರು: ಎಚ್.ಜಿ. ಪ್ರಮಾಣ: ಒಂದು. ಎಲ್ಲಿಯವರೆಗೆ ಇಡಬೇಕು ಎಂಬ ಕಡೆ ಖಾಲಿ. ಇಪ್ಪತ್ತೆರಡು ವರ್ಷದಲ್ಲಿ ಅವರು ಖಾಲಿ ಬಿಟ್ಟ ಒಂದೇ ಒಂದು ಮನೆ ಅದು. ಒಬ್ಬ ಕಳ್ಳ ಆಗಿದ್ದರೆ, ಒಬ್ಬ ಸೋಮಾರಿ ಆಗಿದ್ದರೂ ಸಾಕಿತ್ತು, ತಂಬಿಗೆಯನ್ನು ಮೂಲೆಯಲ್ಲಿ ಬಚ್ಚಿಟ್ಟು ಸುಮ್ಮನಿರುತ್ತಿದ್ದ. ಇವರು ಪ್ರಾಮಾಣಿಕರಾಗಿ ಬರೆದು, ಕೈಯಾರೆ ಸಹಿ ಹಾಕಿ, ಹೆಂಡತಿಯನ್ನು ಮಾರಿಬಿಟ್ಟಿದ್ದರು. ಬುಧವಾರ ಮಧ್ಯಾಹ್ನ ಆ ಕೋಣೆಗೆ ಹೊಸ ಕಂಪನಿಯ ಸೀಲು ಬೀಳುವುದಿತ್ತು. ವಿಭಾಗದ ಮುಖ್ಯಸ್ಥರನ್ನು ಯಾರನ್ನೂ ಉಳಿಸಿಕೊಳ್ಳುವುದಿಲ್ಲ ಎಂದೂ ಹೇಳಿಯಾಗಿತ್ತು. ಅವರ ವರ್ಕ್ ಪರ್ಮಿಟ್ ಇದ್ದದ್ದು ಕಂಪನಿಯ ಹೆಸರಿನಲ್ಲಿ. ಅದು ಹೋದ ಮೇಲೆ ಅವರು ನೈರೋಬಿಯನ್ನೇ ಬಿಡಬೇಕಿತ್ತು, ತಂಬಿಗೆ ಕೈಯಲ್ಲಿದ್ದರೂ ಇಲ್ಲದಿದ್ದರೂ.

ಸೋಮವಾರವೆಲ್ಲ ಅವರು ಕಾಗದದ ಹಿಂದೆ ಅಲೆದರು. ಪುರುಷೋತ್ತಮ ವಿಷಯ ಕೇಳಿ ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡು, "ಲೀಗಲ್‌ನೋರನ್ನ ಕೇಳ್ಬೇಕು ಗೋಪಿ, ಒಂದು ಮೇಲ್ ಹಾಕಿ," ಎಂದರು. ಸರ್ ಮೇಲ್ ಹಾಕಿದರು. ಮಾಲೀಕರಿಗೂ ಒಂದು ಪ್ರತಿ ಕಳಿಸಿದರು. ಹೋಟೆಲಿನಿಂದ ಉತ್ತರ ಬರಲಿಲ್ಲ.

ಮಂಗಳವಾರ ಬೆಳಿಗ್ಗೆ ನಾನು ದೊಡ್ಡ ಊಟದ ಚೀಲ ತಂದೆ. ಗೇಟಿನಲ್ಲಿ ಕಾವಲಿಗಿರುವ ಮಾಮಾ ಅಕಿನ್ಯಿ (ಇಲ್ಲಿ ಮಾಮಾ ಎಂದರೆ ಅಮ್ಮ) ಎಲ್ಲರ ಚೀಲ ತಡವುತ್ತಾಳೆ, ನನ್ನದನ್ನು ತಡವುವುದಿಲ್ಲ. ಹದಿನಾಲ್ಕು ವರ್ಷದ ಪರಿಚಯ; ಅವಳ ಮೊಮ್ಮಗಳ ಹೆಸರಿಡುವ ದಿನಕ್ಕೆ ನಾನು ಹೋಗಿದ್ದೆ. ಚೀಲವನ್ನು ಸರ್ ಮೇಜಿನ ಮೇಲೆ ಇಟ್ಟೆ.

"ಇದರಲ್ಲಿ ಹಿಡಿಸುತ್ತೆ. ಅಳತೆ ನೋಡ್ಕೊಂಡೇ ತಂದಿದೀನಿ."

"ಬೇಡ."

"ಯಾಕೆ ಸರ್?"

"ಕದ್ಕೊಂಡು ಹೋಗೋದಾ? ಅವ್ಳನ್ನ, ಸಾರಿನ ಡಬ್ಬಿ ಥರ? ಪಟ್ಟಿಗೆ ಸಹಿ ಹಾಕಿದೀನಿ ವಿಜಿ."

ನನ್ನ ತಾಳ್ಮೆ ತಪ್ಪಿತು. ಎಂಟು ತಿಂಗಳಿಂದ ಹೇಳದೆ ಇಟ್ಟುಕೊಂಡಿದ್ದೆಲ್ಲ ಒಟ್ಟಿಗೆ ಬಂತು. "ನೀವೂ ಅವ್ನೇ ಸರ್, ಆ ಜೋವಿಯನ್ನು. ಸಹಿ ಹಾಕಿದೀನಿ, ಆಣೆ ಮಾಡಿದೀನಿ ಅಂತ ಒಂದು ಊರನ್ನೇ ಕೊಟ್ಬಿಟ್ಟ. ಊರೊಳಕ್ಕೆ ಬಂದು ಮುಖ ತೋರಿಸೋ ಧೈರ್ಯ ಇರ್ಲಿಲ್ಲ ಅವ್ನಿಗೆ. ನಿಮಗೂ ಇಲ್ಲ. ಅಲ್ಲಿ ತಂದಿಟ್ಟ ಮೇಲೆ ಒಂದ್ಸಲ ಆ ಪೆಟ್ಟಿಗೆ ಹತ್ರ ಹೋಗಿದೀರಾ? ಒಂದ್ಸಲ?"

ಹೋಗಿರಲಿಲ್ಲ ಎಂದು ಅವರ ಮುಖ ನೋಡಿದರೆ ಗೊತ್ತಾಗುತ್ತಿತ್ತು. ನಾನು ಚೀಲ ಎತ್ತಿಕೊಂಡು ಲ್ಯಾಬಿಗೆ ಬಂದು ಬಾಗಿಲು ಹಾಕಿಕೊಂಡು ಅತ್ತೆ. ಅಪ್ಪನ ವಯಸ್ಸಿನವರಿಗೆ ಹಾಗೆ ಅನ್ನಬಾರದಿತ್ತು. ಸಂಜೆ ಹೋಗಿ ತಪ್ಪಾಯಿತು ಎಂದೆ. "ಆಯ್ತು," ಎಂದರು. ಅದೇ ಆಯ್ತು, ದಿನಾ ಹೇಳುವುದು.

ಆದರೆ ಅವತ್ತು ಸಂಜೆ ಮನೆಗೆ ಹೋಗಿ ಮಗಳನ್ನು ಎದುರಿಗೆ ಕೂರಿಸಿಕೊಂಡು ಎಲ್ಲ ಹೇಳಿದರಂತೆ. ಅನಘಾ ಒಂದು ಗಂಟೆ ರೂಮಿನ ಬಾಗಿಲು ಹಾಕಿಕೊಂಡಿದ್ದಳಂತೆ. ಹೊರಗೆ ಬಂದು ಲ್ಯಾಪ್‌ಟಾಪ್ ತೆರೆದು ಶನಿವಾರಕ್ಕೆ ಬೆಂಗಳೂರಿಗೆ ಎರಡು ಟಿಕೆಟ್ ತೆಗೆದಳಂತೆ. ಇದನ್ನು ಅವಳೇ ನನಗೆ ಆಮೇಲೆ ಹೇಳಿದ್ದು.

ಬುಧವಾರ ಹತ್ತು ಗಂಟೆಗೆ ಹೊಸ ಕಂಪನಿಯ ಭಾರ್ಗವ ಪಟ್ಟಿ ಹಿಡಿದುಕೊಂಡು ಸ್ಯಾಂಪಲ್ ರೂಮಿಗೆ ಬಂದ. ಬೆಂಗಳೂರಿನ ಹುಡುಗ, ಮೂವತ್ತು ದಾಟಿರಲಿಕ್ಕಿಲ್ಲ, ನೈರೋಬಿಗೆ ಬಂದು ಒಂಬತ್ತು ದಿನವಾಗಿತ್ತಂತೆ. ತಲೆಗೆ ಟೋಪಿ, ಶೂ ಮೇಲೆ ನೀಲಿ ಪ್ಲಾಸ್ಟಿಕ್ ಚೀಲ, ಎಲ್ಲ ನಿಯಮದಂತೆ. ಸರ್ ನಂಬರ್ ಓದುವುದು, ನಾನು ಪೆಟ್ಟಿಗೆ ತೋರಿಸುವುದು, ಅವನು ಟಿಕ್ ಹಾಕುವುದು. ಎರಡು ಸಾವಿರ ದಾಟಿತು. ಮೂರು ಸಾವಿರ ದಾಟಿತು. ಸರ್ ದನಿ ರೈಲ್ವೆ ಸ್ಟೇಷನ್ನಿನಲ್ಲಿ ಹೇಳುವವರ ದನಿಯ ಹಾಗೆ ಒಂದೇ ಸಮನೆ ಇತ್ತು.

"ಮೂರು ಸಾವಿರದ ನೂರ ಹದಿನೆಂಟು," ಎಂದರು.

"ಇದ್ಯಾವ್ ಪ್ರಾಡಕ್ಟ್ ಸರ್, ಎಚ್.ಜಿ.?" ಎಂದ ಭಾರ್ಗವ. "ರಿಟೆನ್ಷನ್ ಡೇಟ್ ಬ್ಲ್ಯಾಂಕ್ ಇದೆಯಲ್ಲ."

"ಹೌದು. ಬ್ಲ್ಯಾಂಕ್ ಬಿಟ್ಟಿದೀನಿ. ತಪ್ಪು ನಂದೇ."

"ಒಳಗೇನಿದೆ?"

"ಹಂಸಾ ಗೋಪಿನಾಥ್," ಎಂದರು ಸರ್. "ನನ್ನ ಹೆಂಡ್ತಿ."

ಭಾರ್ಗವ ನಗಲು ಹೋಗಿ ನನ್ನ ಮುಖ ನೋಡಿದ. ನಗು ಅರ್ಧಕ್ಕೆ ನಿಂತಿತು. ಅವನು ಪಟ್ಟಿಯನ್ನು ಸ್ಟೂಲಿನ ಮೇಲಿಟ್ಟು, ಬಗ್ಗಿ, ನೀಲಿ ಚೀಲವನ್ನೂ ಶೂವನ್ನೂ ಕಳಚಿ ಬಾಗಿಲಾಚೆ ಇಟ್ಟು ಬಂದ. ಬರೀ ಸಾಕ್ಸಿನಲ್ಲಿ ನಿಂತ. ಆ ಕೋಣೆಯಲ್ಲಿ ಹಾಗೆ ನಿಲ್ಲುವುದು ನಿಯಮಕ್ಕೆ ವಿರುದ್ಧ.

"ತಗೊಂಡ್ ಹೋಗಿ ಸರ್," ಎಂದ ಮೆಲ್ಲಗೆ. "ನಾನು ನೋಡ್ಲೇ ಇಲ್ಲ ಅಂದ್ಕೊಳ್ಳಿ."

"ಬೇಡಪ್ಪ. ನೋಡಿದೀನಿ ಅಂತ್ಲೇ ಬರೀರಿ. ಪಟ್ಟಿಯಿಂದ ತೆಗೆದು, ಇಬ್ರೂ ಸಹಿ ಹಾಕೋಣ. ಅವ್ಳು ಗೇಟಿಂದ್ಲೇ ಹೋಗ್ಲಿ."

೩೧೧೮ರ ಮೇಲೆ ಒಂದು ಗೆರೆ ಬಿತ್ತು. ಎರಡು ಸಹಿ, ದಿನಾಂಕ. ಭಾರ್ಗವ ಗೇಟ್ ಪಾಸಿನ ಪುಸ್ತಕ ತರಿಸಿ, ಕೆಳಗೆ ತನ್ನ ಸಹಿ ಹಾಕಿ, ಉಳಿದದ್ದನ್ನು ನೀವೇ ತುಂಬಿಕೊಳ್ಳಿ ಎಂದು ಸರ್ ಕೈಗೆ ಕೊಟ್ಟ. ಸರ್ ಕಪಾಟಿನ ಹತ್ತಿರ ಹೋದರು. ಆಮೇಲೆ ಪೆಟ್ಟಿಗೆಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡರು. ಅಲ್ಲಿ ತಂದಿಟ್ಟ ಮೇಲೆ ಮೊದಲ ಸಲ.

ಗೇಟಿನವರೆಗೆ ನಾನೂ ಹೋದೆ. ಕಂಪನಿಯ ಕಾರನ್ನು ಅವತ್ತು ಬೆಳಿಗ್ಗೆಯೇ ವಾಪಸ್ ಪಡೆದಿದ್ದರು. ಹೊರಗೆ ರಸ್ತೆಯ ಬದಿಯಲ್ಲಿ, ಮಟಾಟು ವ್ಯಾನುಗಳ ಗಲಾಟೆಯ ನಡುವೆ, ಹಂಸಾ ಅವರ ಹಳೆಯ ಪುಟ್ಟ ಕಾರಿನಲ್ಲಿ ಅನಘಾ ಕೂತಿದ್ದಳು. ಮಾಮಾ ಅಕಿನ್ಯಿ ಪಾಸಿನ ಪುಸ್ತಕ ತೆಗೆದುಕೊಂಡು ಕನ್ನಡಕ ಏರಿಸಿದಳು.

ಆ ಪಾಸಿನಲ್ಲಿ ಎರಡು ಚೌಕಗಳಿವೆ: ರಿಟರ್ನಬಲ್, ನಾನ್ ರಿಟರ್ನಬಲ್. ಸರ್ ಇಷ್ಟು ವರ್ಷ ಸಹಿ ಹಾಕಿದ ಪಾಸುಗಳೆಲ್ಲ ತೂಕದ ಬಟ್ಟು, ಥರ್ಮಾಮೀಟರುಗಳದ್ದು. ಪರೀಕ್ಷೆಗೆ ಹೊರಗೆ ಹೋಗಿ ವಾಪಸ್ ಬರುವಂಥವು. ಕೈ ತನ್ನ ಪಾಡಿಗೆ ತಾನು ರಿಟರ್ನಬಲ್ ಮೇಲೆ ಟಿಕ್ ಹಾಕಿತ್ತು. ಅಂಥ ಪಾಸುಗಳ ಗುಲಾಬಿ ಚೀಟಿಯನ್ನು ಅಕಿನ್ಯಿ ಗೋಡೆಯ ಮೊಳೆಗೆ ಚುಚ್ಚಿಡುತ್ತಾಳೆ, ವಸ್ತು ಮರಳಿ ಬರುವ ತನಕ. ಅವಳು ಚೀಟಿ ಹರಿಯಲು ಹೋದವಳು ನಿಂತಳು. ಒಮ್ಮೆ ಪೆಟ್ಟಿಗೆ ನೋಡಿದಳು, ಒಮ್ಮೆ ಸರ್ ಮುಖ ನೋಡಿದಳು.

"ಇನರೂದಿ, ಮ್ಜೇ?" ಎಂದಳು. ಇದು ವಾಪಸ್ ಬರುತ್ತದೆಯೇ, ಯಜಮಾನರೇ ಎಂದು.

ಸರ್ ಬಗ್ಗಿ ಆ ಟಿಕ್ ನೋಡಿದರು. ಹಿಂದೆ ಒಂದು ಲಾರಿ ಹಾರ್ನ್ ಹೊಡೆಯಿತು. ಪೆಟ್ಟಿಗೆಯನ್ನು ಕೌಂಟರಿನ ಮೇಲಿಟ್ಟು, ಪೆನ್ನು ತೆಗೆದು, ಟಿಕ್‌ನ ಮೇಲೆ ಒಂದು ಗೆರೆ ಎಳೆದರು. ಪಕ್ಕದ ಚೌಕದಲ್ಲಿ ಟಿಕ್ ಹಾಕಿದರು. ಸಹಿ ಮಾಡಿದರು. ದಿನಾಂಕ ಬರೆದರು.

"ಹೈರೂದಿ," ಎಂದರು. ಬರುವುದಿಲ್ಲ ಎಂದು. ಕನ್ನಡದಲ್ಲಿ ಎಂಟು ತಿಂಗಳಿಂದ ಹೇಳಲಾಗದ್ದು ಸ್ವಾಹಿಲಿಯಲ್ಲಿ ಬಂತು. "ಹೈರೂದಿ, ಮಾಮಾ," ಎಂದು ಇನ್ನೊಮ್ಮೆ ಹೇಳಿ, ಕೌಂಟರಿಗೆ ಹಣೆ ಇಟ್ಟು ಅತ್ತುಬಿಟ್ಟರು.

ಅಕಿನ್ಯಿ ಅವರ ಬೆನ್ನ ಮೇಲೆ ಕೈಯಿಟ್ಟು, "ಪೋಲೆ, ಮ್ಜೇ, ಪೋಲೆ," ಎಂದು ಸಮಾಧಾನ ಹೇಳುತ್ತ ನಿಂತಳು. ನಾನು ಅಲ್ಲೇ ಇದ್ದೆ, ಏನು ಮಾಡಬೇಕೆಂದು ತಿಳಿಯಲಿಲ್ಲ. ಅನಘಾ ಕಾರಿನಿಂದ ಇಳಿದು ಬಂದಳು.

"ಗಿವ್ ಹರ್ ಟು ಮಿ, ಅಪ್ಪಾ," ಎಂದಳು.

ಪಾಸಿನ ಕೆಳಗೆ ಇನ್ನೊಂದು ಸಾಲು ಖಾಲಿ ಇತ್ತು, ಒಯ್ಯುವವರ ಹೆಸರು. ಅಕಿನ್ಯಿ ಅಲ್ಲಿ ಬೆರಳಿಟ್ಟು ತೋರಿಸಿದಳು. ಸರ್ ಪೆನ್ನನ್ನು ಮಗಳ ಕಡೆ ಚಾಚಿದರು. ಅನಘಾ ಪೆನ್ನು ತೆಗೆದುಕೊಂಡು ಅಪ್ಪನ ಹೆಸರು ಬರೆದಳು, ಅದರ ಪಕ್ಕದಲ್ಲಿ ತನ್ನ ಹೆಸರು ಬರೆದಳು. ಎರಡನ್ನೂ ಕನ್ನಡದಲ್ಲಿ ಬರೆದಳು, ಶನಿವಾರದ ತರಗತಿಯಲ್ಲಿ ಅಮ್ಮ ಕಲಿಸಿದ್ದ ಗುಂಡು ಅಕ್ಷರದಲ್ಲಿ. ಹಂಸಾ ಅವರು ಕರೆನ್‌ನಲ್ಲಿ ಕೇಳಿದ್ದು ಇದನ್ನೇ, ಹೊತ್ತವರ ಹೆಸರನ್ನೇ, ಅಲ್ಲವೇ ಎಂದು ನನಗೆ ಆಗ ನೆನಪಾಯಿತು.

ಅಕಿನ್ಯಿ ಅದನ್ನು ಓದಲು ಹೋಗಲಿಲ್ಲ. ಗುಲಾಬಿ ಚೀಟಿ ಹರಿದು, ಮೊಳೆಗೆ ಚುಚ್ಚದೆ, ಪುಸ್ತಕದೊಳಗೆ ಇಟ್ಟಳು. ಆಮೇಲೆ ಹೋಗಿ ಗೇಟಿನ ಎರಡೂ ಬಾಗಿಲು ತೆಗೆದಳು.